ಒಂದೇ ಚಿಕಿತ್ಸೆ, ಹಲವು ಅಳತೆ: ಮಿದುಳಿನ ಗಡ್ಡೆಗಳಿಗೆ ಗುರಿಯಿಟ್ಟ ವಿಕಿರಣದ ನಂತರದ ನೆನಪು

ದೇಹದ ಬೇರೆಡೆ ಹುಟ್ಟಿದ ಕ್ಯಾನ್ಸರ್ ಮಿದುಳಿಗೆ ಹರಡಿದರೆ ಇಡೀ ತಲೆಗೆ ವಿಕಿರಣ ಕೊಡುವುದೇ ಬಹುಕಾಲ ರೂಢಿಯಾಗಿತ್ತು. ಗಡ್ಡೆಗಳು ಕೆಲವೇ ಇದ್ದಾಗ ಅವಕ್ಕೆ ಮಾತ್ರ ಗುರಿಯಿಟ್ಟು ಕೊಟ್ಟರೆ ಆಯುಷ್ಯಕ್ಕೆ ಕುಂದಿಲ್ಲ, ನೆನಪೂ ಹೆಚ್ಚು ಉಳಿಯುತ್ತದೆ ಎಂಬ ಮಾತು ಈಗ ಸಾಕಷ್ಟು ಗಟ್ಟಿಯಾಗಿದೆ. ಅದನ್ನು ಅಲ್ಲಗಳೆಯುವುದು ಈ ಟಿಪ್ಪಣಿಯ ಉದ್ದೇಶವಲ್ಲ. ಆದರೆ ಅದಕ್ಕೆ ಆಧಾರವಾದ ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ತೊಡಕು ಎದುರಾಗುತ್ತದೆ. ಗುರಿಯಿಟ್ಟ ವಿಕಿರಣವೊಂದನ್ನೇ ಪಡೆದವರಲ್ಲಿ ಅರಿವಿನ ಶಕ್ತಿ ಕುಗ್ಗಿದವರ ಪಾಲು ಒಂದು ಪ್ರಯೋಗದಲ್ಲಿ ನೂರಕ್ಕೆ 24, ಇನ್ನೊಂದರಲ್ಲಿ 63.5. ಮೊದಲನೆಯದು ನಾಲ್ಕನೆಯ ತಿಂಗಳ ಲೆಕ್ಕ, ಎರಡನೆಯದು ಮೂರನೆಯ ತಿಂಗಳದು. ಎರಡರಲ್ಲೂ ಒಂದರಿಂದ ಮೂರು ಗಡ್ಡೆಗಳಿದ್ದ ರೋಗಿಗಳೇ. ಇಷ್ಟು ಅಂತರ ಬಂದದ್ದು ಬಹುಪಾಲು ಅಳತೆಗೋಲಿನಿಂದ ಎಂಬುದು ನನ್ನ ವಾದ. ಅಳೆಯುವ ಹೊತ್ತಿಗೆ ಯಾರು ಬದುಕಿದ್ದರು, ಯಾರು ಕುರ್ಚಿಯಲ್ಲಿ ಕೂರುವಷ್ಟು ಗಟ್ಟಿಯಾಗಿದ್ದರು ಎಂಬುದಕ್ಕೂ ಇದರಲ್ಲಿ ಪಾಲಿದೆ.

ಚಿಕಿತ್ಸೆಯ ವಿಚಾರವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಗಾಮಾ ನೈಫ್ ಎಂಬ ಮೊದಲ ಯಂತ್ರ 1968ರಲ್ಲಿ ಕೆಲಸ ಆರಂಭಿಸಿತು. ಹೊಸ ಮಾದರಿಗಳಲ್ಲಿ ಕೋಬಾಲ್ಟ್-60ರ 192 ಮೂಲಗಳಿರುತ್ತವೆ. ಒಂದೊಂದು ಕಿರಣವೂ ದುರ್ಬಲ. ಎಲ್ಲವೂ ಸೇರುವ ಬಿಂದುವಿನಲ್ಲಿ ಮಾತ್ರ ಪ್ರಮಾಣ ತೀವ್ರ, ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆ ಅದು ಥಟ್ಟನೆ ಇಳಿಯುತ್ತದೆ. ಲೀನಿಯರ್ ಆಕ್ಸಿಲರೇಟರಿನಲ್ಲೂ ಇದೇ ಕೆಲಸ ಮಾಡಬಹುದು. ಅಮೆರಿಕದ ವಿಕಿರಣ ಚಿಕಿತ್ಸಾ ಗುಂಪು 2000ರಲ್ಲಿ ಪ್ರಕಟಿಸಿದ ಮಿತಿಗಳ ಪ್ರಕಾರ 2 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಒಂದೇ ಬಾರಿಗೆ 24 ಗ್ರೇ, 3ರವರೆಗೆ 18, 4ರವರೆಗೆ 15. ಇಡೀ ತಲೆಗೆ ಕೊಡುವಾಗ ಸಾಮಾನ್ಯ ಪ್ರಮಾಣ 30 ಗ್ರೇ. ಅದನ್ನು 10 ದಿನಗಳಿಗೆ ಹಂಚುತ್ತಾರೆ. ನಮ್ಮ ಊರುಗಳ ಕಡೆ ಎರಡಕ್ಕೂ ‘ಕರೆಂಟ್ ಕೊಡೋದು’ ಎಂದೇ ಹೇಳುವುದರಿಂದ, ಹಳೆಯ ಕೇಸಿನ ವಿವರ ಕೇಳುವಾಗ ರೋಗಿಗೆ ಯಾವುದನ್ನು ಕೊಟ್ಟಿದ್ದರು ಎಂದು ಕಾಗದಪತ್ರ ನೋಡದೆ ತಿಳಿಯುವುದಿಲ್ಲ.

ಇಡೀ ತಲೆಯ ವಿಕಿರಣದ ಬಗ್ಗೆ ಭಯ ಹುಟ್ಟಿದ್ದಕ್ಕೆ ಕಾರಣವಿತ್ತು. 1989ರಲ್ಲಿ ನ್ಯೂಯಾರ್ಕಿನ ಲಿಸಾ ಡಿಆಂಜೆಲಿಸ್ ಮತ್ತು ಸಂಗಡಿಗರು, ಮಿದುಳಿನ ಗಡ್ಡೆ ವಾಸಿಯಾದರೂ ಆಮೇಲೆ ಡಿಮೆನ್ಷಿಯಾಕ್ಕೆ ಜಾರಿದ 12 ರೋಗಿಗಳನ್ನು ವರದಿ ಮಾಡಿದರು. ಆ ವರದಿಯನ್ನು ಇಂದಿಗೂ ಎಲ್ಲರೂ ಉದಾಹರಿಸುತ್ತಾರೆ. ಆದರೆ ಆ ರೋಗಿಗಳಿಗೆ ದಿನವೊಂದಕ್ಕೆ 3ರಿಂದ 6 ಗ್ರೇ ಕೊಟ್ಟಿದ್ದರು ಎಂಬುದನ್ನು ಹೇಳುವವರು ಕಡಿಮೆ. ದಿನದ ಪ್ರಮಾಣ ಹೆಚ್ಚಿದಷ್ಟೂ ಮಿದುಳಿನ ಬಿಳಿಭಾಗಕ್ಕೆ ಹಾನಿ ಹೆಚ್ಚು. ಹಾಗಾಗಿ ಆ ಹನ್ನೆರಡು ಮಂದಿಯ ಸ್ಥಿತಿಯನ್ನು ಇಂದು 3 ಗ್ರೇಯಂತೆ ಪಡೆಯುವವರಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು: ಚಿಕಿತ್ಸೆಗೆ ಬರುವ ಮುನ್ನವೇ ಇವರ ಅರಿವು ಕುಂದಿರುತ್ತದೆ. ಕ್ರಿಸ್ಟಿನಾ ಮೆಯರ್ಸ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 401 ರೋಗಿಗಳಿದ್ದರು. ವಿಕಿರಣ ಆರಂಭವಾಗುವ ಮೊದಲೇ ಅವರಲ್ಲಿ ನೂರಕ್ಕೆ 90.5 ಮಂದಿ ಒಂದಲ್ಲ ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಎಂಟು ಪರೀಕ್ಷೆಗಳಲ್ಲಿ ನಾಲ್ಕು ಅಥವಾ ಹೆಚ್ಚಿನವುಗಳಲ್ಲಿ ಹಿಂದೆ ಬಿದ್ದವರು ನೂರಕ್ಕೆ 42.4. ಗಡ್ಡೆ, ಅದರ ಸುತ್ತಲಿನ ಬಾವು, ಮೊದಲು ನಡೆದ ಕೀಮೋ, ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ನಿದ್ದೆಗೇಡು, ಭಯ ಎಲ್ಲ ಸೇರಿ ಆದದ್ದು ಇದು. ಮೊದಲ ದಿನದ ಪರೀಕ್ಷೆ ಇಲ್ಲದೆ ‘ರೇಡಿಯೇಷನ್ ಆದಮೇಲೆ ಮರೆವು ಬಂತು’ ಎನ್ನುವ ಯಾವ ವರದಿಗೂ ಆದ್ದರಿಂದಲೇ ಹೆಚ್ಚು ಬೆಲೆ ಕೊಡಲಾಗದು.

ಈಗ ಮೊದಲ ಅಂಕಿ, ಆ 24. ಇದು ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಎರಿಕ್ ಚಾಂಗ್ ಮತ್ತಿತರರು ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಅಲ್ಲಿನ ಅಳತೆಗೋಲು ಹಾಪ್ಕಿನ್ಸ್ ಪದಕಲಿಕೆ ಪರೀಕ್ಷೆ. ಪರೀಕ್ಷಕರು ಹನ್ನೆರಡು ಪದಗಳನ್ನು ಒಂದೇ ಲಯದಲ್ಲಿ ಓದುತ್ತಾರೆ. ಪದಗಳು ಮೂರು ಗುಂಪಿಗೆ ಸೇರಿದವು, ಆದರೆ ಕಲಸಿ ಓದುವುದರಿಂದ ಗುಂಪು ಕಣ್ಣಿಗೆ ಬೀಳುವುದಿಲ್ಲ. ಕೇಳಿದವರು ನೆನಪಿದ್ದಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಬಹುದು. ಹೀಗೆ ಮೂರು ಸಲ. ಒಟ್ಟು 36 ಅಂಕ. ಜಾಣರು ಎರಡನೆಯ ಸಲಕ್ಕೇ ಗುಂಪುಗಳನ್ನು ಪತ್ತೆಹಚ್ಚಿ ಒಂದೊಂದು ಗುಂಪನ್ನು ಒಟ್ಟಿಗೆ ಒಪ್ಪಿಸುತ್ತಾರೆ, ಹಾಗಾಗಿ ಇದು ಬರೀ ನೆನಪಿನ ಪರೀಕ್ಷೆಯಲ್ಲ, ಅಡಕಮಾಡುವ ಬುದ್ಧಿಯ ಪರೀಕ್ಷೆಯೂ ಹೌದು. 20ರಿಂದ 25 ನಿಮಿಷ ಬೇರೆ ಕೆಲಸ ಕೊಟ್ಟು, ಮತ್ತೆ ಥಟ್ಟನೆ ಆ ಪದಗಳನ್ನೇ ಕೇಳುತ್ತಾರೆ. ಕೊನೆಗೆ 24 ಪದಗಳನ್ನು ಓದಿ, ಯಾವುದು ಪಟ್ಟಿಯಲ್ಲಿತ್ತು, ಯಾವುದು ಇರಲಿಲ್ಲ ಎಂದು ಕೇಳುತ್ತಾರೆ. ತಾವಾಗಿ ನೆನೆಯಲಾರದೆ ಕೇಳಿದಾಗ ಗುರುತಿಸುವವರಿಗೂ, ಗುರುತೇ ಹಿಡಿಯಲಾರದವರಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ವಿಕಿರಣ ಪಡೆದವರಲ್ಲಿ ಮೊದಲು ಹಾಳಾಗುವುದು ಸಾಮಾನ್ಯವಾಗಿ ತಾವಾಗಿ ನೆನೆಯುವ ಶಕ್ತಿ.

ಚಾಂಗ್ ಅವರ ಪ್ರಯೋಗದಲ್ಲಿ 36 ಅಂಕಗಳಲ್ಲಿ 5 ಕಡಿಮೆಯಾದರೆ ಕುಸಿತ. 58 ರೋಗಿಗಳು ಸೇರಿದ ಹೊತ್ತಿಗೆ ಎರಡು ಗುಂಪುಗಳ ಅಂತರ ಎಷ್ಟು ಸ್ಪಷ್ಟವಾಯಿತೆಂದರೆ ಮೇಲ್ವಿಚಾರಣಾ ಸಮಿತಿ ಪ್ರಯೋಗವನ್ನೇ ನಿಲ್ಲಿಸಿತು. ನಾಲ್ಕನೆಯ ತಿಂಗಳಲ್ಲಿ ಕುಸಿತದ ಅಂದಾಜು ಸಂಭವ ಗುರಿಯಿಟ್ಟ ವಿಕಿರಣವೊಂದನ್ನೇ ಪಡೆದವರಲ್ಲಿ ನೂರಕ್ಕೆ 24, ಅದರ ಜೊತೆಗೆ ಇಡೀ ತಲೆಗೂ ಪಡೆದವರಲ್ಲಿ 52. ಇದನ್ನು ಓದಿದ ಅನೇಕರು ಚರ್ಚೆ ಮುಗಿಯಿತೆಂದುಕೊಂಡರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ನಾಲ್ಕು ತಿಂಗಳೊಳಗೆ ಮೊದಲ ಗುಂಪಿನಲ್ಲಿ ನೂರಕ್ಕೆ 13, ಎರಡನೆಯದರಲ್ಲಿ 29 ಮಂದಿ ತೀರಿಕೊಂಡಿದ್ದರು. ಮಿದುಳಿನಲ್ಲಿ ರೋಗವನ್ನು ಹೆಚ್ಚು ಹಿಡಿದಿಟ್ಟ ಗುಂಪಿನವರೇ ಬೇಗ ಸತ್ತದ್ದು ವಿಚಿತ್ರ. ಎರಡನೆಯ ಗುಂಪಿಗೆ ಆಕಸ್ಮಿಕವಾಗಿ ಹೆಚ್ಚು ರೋಗಪೀಡಿತರು ಬಿದ್ದಿದ್ದರೆ, ನೆನಪಿನ ಕುಸಿತದಲ್ಲೂ ಒಂದಷ್ಟು ಪಾಲು ಆ ದೌರ್ಬಲ್ಯದ್ದೇ ಆಗಿರುತ್ತದೆ. 58 ಮಂದಿಯ ಪ್ರಯೋಗದಲ್ಲಿ ಇದನ್ನು ಬೇರ್ಪಡಿಸಿ ಹೇಳಲಾಗದು.

ಇದಕ್ಕೆ ಎರಡು ವರ್ಷ ಮೊದಲು ಜಪಾನಿನಿಂದ ಬಂದ ವರದಿ ಹೆಚ್ಚುಕಡಿಮೆ ತಿರುಗುಮುರುಗಾದ ಮಾತು ಹೇಳಿತ್ತು. ಹಿದೆಫುಮಿ ಅಓಯಾಮಾ ಮತ್ತಿತರರು ಒಂದರಿಂದ ನಾಲ್ಕು ಗಡ್ಡೆಗಳಿದ್ದ 132 ಜನರಲ್ಲಿ ಇದೇ ಹೋಲಿಕೆ ಮಾಡಿದ್ದರು. 2006ರ ಮೊದಲ ವರದಿಯ ಪ್ರಕಾರ ಆಯುಷ್ಯದಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ ಒಂದು ವರ್ಷದೊಳಗೆ ಮಿದುಳಿನಲ್ಲಿ ರೋಗ ಮರುಕಳಿಸಿದ ಪ್ರಮಾಣ ಗುರಿಯಿಟ್ಟ ವಿಕಿರಣವೊಂದನ್ನೇ ಪಡೆದವರಲ್ಲಿ ನೂರಕ್ಕೆ 76.4, ಎರಡನ್ನೂ ಪಡೆದವರಲ್ಲಿ 46.8. ಮರುವರ್ಷದ ವರದಿ ಅರಿವಿನದು. ಅಳತೆಗೋಲು ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆ. 30 ಅಂಕಗಳಲ್ಲಿ 3 ಇಳಿದರೆ ಕುಸಿತ. ಇಂದು ಯಾವ ವಾರ, ಇದು ಯಾವ ಊರು ಎಂಬಂಥ ಪ್ರಶ್ನೆಗಳಿರುವ ಈ ಪರೀಕ್ಷೆಯಿಂದ ಸೂಕ್ಷ್ಮ ಮರೆವನ್ನು ಹಿಡಿಯಹೊರಡುವುದು ಬೆಲ್ಲದ ತಕ್ಕಡಿಯಲ್ಲಿ ಬಂಗಾರ ತೂಗಿದಂತೆ. ಅದೇನೇ ಇರಲಿ, ಕುಸಿತವಿಲ್ಲದೆ ಉಳಿದವರ ಪಾಲು 12ನೆಯ ತಿಂಗಳಲ್ಲಿ ಎರಡನ್ನೂ ಪಡೆದವರಲ್ಲಿ ನೂರಕ್ಕೆ 76.1, ಗುರಿಯಿಟ್ಟದ್ದನ್ನು ಮಾತ್ರ ಪಡೆದವರಲ್ಲಿ 59.3. ಅಂದರೆ ಮೊದಲ ವರ್ಷದಲ್ಲಿ ಇಡೀ ತಲೆಯ ವಿಕಿರಣವೇ ಅರಿವನ್ನು ಕಾಪಾಡಿದಂತೆ ಕಾಣುತ್ತದೆ. ಮರುಕಳಿಸಿದ ಗಡ್ಡೆಗಳೇ ಕುಸಿತಕ್ಕೆ ಮುಖ್ಯ ಕಾರಣ ಎಂದು ಅವರು ವಿವರಿಸಿದರು.

ಆದರೆ ಅದೇ ಕೋಷ್ಟಕವನ್ನು ಮುಂದಕ್ಕೆ ಓದಬೇಕು. 36ನೆಯ ತಿಂಗಳಲ್ಲಿ ಗುರಿಯಿಟ್ಟದ್ದನ್ನು ಮಾತ್ರ ಪಡೆದವರ ಪಾಲು 51.9ರಲ್ಲೇ ನಿಂತಿದೆ; ಎರಡನ್ನೂ ಪಡೆದವರದು 14.7ಕ್ಕೆ ಇಳಿದಿದೆ. ಆ ಹೊತ್ತಿಗೆ ಉಳಿದಿದ್ದವರು ಕೆಲವೇ ಮಂದಿ, ಹಾಗಾಗಿ 14.7 ಎಂಬ ನಿಖರತೆಯನ್ನು ನಂಬಬಾರದು. ಆದರೂ ಗೆರೆಗಳು ಒಂದನ್ನೊಂದು ದಾಟಿರುವುದು ಮುಖ್ಯ. ಗಡ್ಡೆ ಮರಳಿ ಬಂದು ಮಾಡುವ ಹಾನಿ ಬೇಗ ಕಾಣುತ್ತದೆ, ವಿಕಿರಣ ಮಾಡುವ ಹಾನಿ ನಿಧಾನವಾಗಿ ಬರುತ್ತದೆ. ಯಾವ ತಿಂಗಳಲ್ಲಿ ಅಳೆದಿರಿ ಎಂಬುದರ ಮೇಲೆ ಗೆದ್ದ ಚಿಕಿತ್ಸೆಯೇ ಬದಲಾಗಬಹುದು. ವಾದದ ಎರಡೂ ಬದಿಯವರು ಇದೇ ಅಧ್ಯಯನವನ್ನು ತಮ್ಮ ಸಾಕ್ಷಿಯಾಗಿ ತರುವುದನ್ನು ಕಂಡಿದ್ದೇನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

63.5 ಬಂದದ್ದು ಪಾಲ್ ಬ್ರೌನ್ ನೇತೃತ್ವದ ಉತ್ತರ ಅಮೆರಿಕದ ದೊಡ್ಡ ಪ್ರಯೋಗದಿಂದ, 2016ರಲ್ಲಿ. ಒಂದರಿಂದ ಮೂರು ಗಡ್ಡೆಗಳಿದ್ದ 213 ರೋಗಿಗಳು. ಇಲ್ಲಿ ಪದಕಲಿಕೆಯ ಜೊತೆಗೆ ಇನ್ನೂ ಕೆಲವು ಪರೀಕ್ಷೆಗಳಿದ್ದವು: ಒಂದಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷ ಹೇಳುವುದು, ಹಾಳೆಯ ಮೇಲೆ ಚದುರಿದ ಅಂಕಿಗಳನ್ನು ಕ್ರಮವಾಗಿ ಗೆರೆಯೆಳೆದು ಸೇರಿಸುವುದು, ಹಲಗೆಯ 25 ತೂತುಗಳಿಗೆ ಸಣ್ಣ ಗೂಟಗಳನ್ನು ತಿರುಗಿಸಿ ಕೂಡಿಸುವುದು. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಮೊದಲಿಗಿಂತ ಒಂದು ಮಾನಕ ವಿಚಲನೆಗಿಂತ ಹೆಚ್ಚು ಇಳಿದರೆ ಕುಸಿತ. ಮೂರನೆಯ ತಿಂಗಳಲ್ಲಿ ಗುರಿಯಿಟ್ಟದ್ದನ್ನು ಮಾತ್ರ ಪಡೆದ 63 ಮಂದಿಯಲ್ಲಿ 40, ಅಂದರೆ ನೂರಕ್ಕೆ 63.5, ಎರಡನ್ನೂ ಪಡೆದ 48ರಲ್ಲಿ 44, ಅಂದರೆ 91.7.

‘ಯಾವುದಾದರೂ ಒಂದರಲ್ಲಿ’ ಎಂಬ ಷರತ್ತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಪರೀಕ್ಷೆಯನ್ನು ಅದೇ ವ್ಯಕ್ತಿಗೆ ಎರಡು ಸಲ ಕೊಟ್ಟಾಗ ಅಂಕಗಳ ನಡುವಿನ ಸಹಸಂಬಂಧ 0.7 ಎಂದಿಟ್ಟುಕೊಂಡರೆ, ಮಿದುಳಿಗೆ ಏನೂ ಆಗದಿದ್ದರೂ ನೂರರಲ್ಲಿ ಸುಮಾರು ಹತ್ತು ಮಂದಿ ಒಂದು ಮಾನಕ ವಿಚಲನೆಗಿಂತ ಹೆಚ್ಚು ಇಳಿದಂತೆ ತೋರುತ್ತಾರೆ. ನಿದ್ದೆ ಸರಿಯಾಗದ ದಿನ, ಹೊರಗಿನ ಗದ್ದಲ, ಅಷ್ಟೇ ಸಾಕು. ಒಂದನ್ನೊಂದು ಅವಲಂಬಿಸದ ಆರು ಅಂಕಗಳಿದ್ದರೆ, ಯಾವುದಾದರೂ ಒಂದರಲ್ಲಿ ಹೀಗೆ ಸುಮ್ಮಸುಮ್ಮನೆ ಇಳಿಯುವ ಸಂಭವ ನೂರಕ್ಕೆ 47. ನಿಜದಲ್ಲಿ ಪರೀಕ್ಷೆಗಳು ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತವೆ, ಎರಡನೆಯ ಸಲ ಬರೆಯುವವರಿಗೆ ಅಭ್ಯಾಸದ ಅನುಕೂಲವೂ ಇರುತ್ತದೆ. ಆದ್ದರಿಂದ ಈ ಸಂಖ್ಯೆ ಇನ್ನಷ್ಟು ಕಡಿಮೆ. ಆದರೂ 63.5ರಲ್ಲಿ ಒಂದು ದೊಡ್ಡ ಪಾಲು ಅಳತೆಯ ಗದ್ದಲವೇ ಇರಬಹುದು ಎಂಬುದಕ್ಕೆ ಇಷ್ಟು ಸಾಕು. ಗದ್ದಲ ಎರಡೂ ಗುಂಪಿಗೆ ಸಮ. ಹಾಗಾಗಿ ಎರಡರ ನಡುವಿನ 28 ಅಂಶಗಳ ಅಂತರ ಅಳ್ಳಾಡುವುದಿಲ್ಲ. ಪ್ರಯೋಗದ ತೀರ್ಮಾನ ಗಟ್ಟಿ. ಆದರೆ ಅದರಿಂದ ಒಂಟಿ ಅಂಕಿಯನ್ನು ಕಿತ್ತುಕೊಂಡು, ‘ಈ ಚಿಕಿತ್ಸೆ ಆದ ಮೂವರಲ್ಲಿ ಇಬ್ಬರಿಗೆ ಮರೆವು ಬರುತ್ತದೆ’ ಎಂದು ರೋಗಿಯ ಮನೆಯವರಿಗೆ ಹೇಳುವುದು ತಪ್ಪು.

ಇನ್ನು ಎಣಿಕೆಗೆ ಸಿಗದವರು. 213ರಲ್ಲಿ ಮೂರನೆಯ ತಿಂಗಳ ಲೆಕ್ಕಕ್ಕೆ ಸಿಕ್ಕಿದ್ದು 111 ಮಂದಿ. ಉಳಿದವರಲ್ಲಿ ತೀರಿಕೊಂಡವರು, ಬರಲಾಗದವರು, ಬೇಡವೆಂದವರು ಇದ್ದಾರು. ಬರದವರ ಅರಿವು ಬಂದವರಿಗಿಂತ ಚೆನ್ನಾಗಿತ್ತು ಎಂದುಕೊಳ್ಳಲು ಯಾವ ಕಾರಣವೂ ಇಲ್ಲ. ಸಾವನ್ನೂ ಕುಸಿತದೊಂದಿಗೆ ಸೇರಿಸಿ ಎಣಿಸಿದರೆ ಚಿತ್ರ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಬ್ರೌನ್ ಅವರದೇ 2017ರ ಇನ್ನೊಂದು ಪ್ರಯೋಗ ಒಳ್ಳೆಯ ಉದಾಹರಣೆ. ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ 194 ರೋಗಿಗಳಲ್ಲಿ ಕುಳಿಗೆ ಮಾತ್ರ ವಿಕಿರಣವೋ ಇಡೀ ತಲೆಗೋ ಎಂಬ ಹೋಲಿಕೆ ಅದು. ಆರನೆಯ ತಿಂಗಳಲ್ಲಿ ಕುಸಿದವರು ನೂರಕ್ಕೆ 52 ಮತ್ತು 85; ಭಾರಿ ಅಂತರ. ಆದರೆ ಕುಸಿತವೂ ಇಲ್ಲದೆ ಸಾವೂ ಬಾರದೆ ಕಳೆದ ಕಾಲದ ಮಧ್ಯಮ ಬೆಲೆ 3.7 ತಿಂಗಳು ಮತ್ತು 3.0 ತಿಂಗಳು. ಮೂರು ವಾರದ ವ್ಯತ್ಯಾಸ! ಎರಡೂ ಸಂಖ್ಯೆ ಅದೇ ಪ್ರಯೋಗದವು. ಸಮ್ಮೇಳನಗಳಲ್ಲಿ ಯಾವುದನ್ನು ತೆರೆಯ ಮೇಲೆ ಹಾಕುತ್ತಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಾನಿಯ ಮೂಲ ಎಲ್ಲಿದೆ ಎಂಬ ಪ್ರಶ್ನೆಗೆ ಬಹುಕಾಲ ಹಿಪ್ಪೊಕ್ಯಾಂಪಸ್ ಎಂಬ ಭಾಗವೇ ಉತ್ತರವಾಗಿತ್ತು. ಹೊಸ ನೆನಪು ಕಟ್ಟುವ ಜಾಗ ಅದು; ಅಲ್ಲಿ ಹೊಸ ನರಕೋಶ ಹುಟ್ಟುವುದನ್ನು ವಿಕಿರಣ ತಡೆಯುತ್ತದೆ ಎಂದು ಇಲಿಗಳಲ್ಲಿ ಮಿಶೆಲ್ ಮೊಂಜೆ ಮತ್ತಿತರರು 2002ರಲ್ಲಿ ತೋರಿಸಿದ್ದರು. ಗಡ್ಡೆಗಳು ಆ ಭಾಗದ ಹತ್ತಿರ ಬೇರೂರುವುದು ಅಪರೂಪ, ಹಾಗಾಗಿ ಇಡೀ ತಲೆಗೆ ಕೊಡುವಾಗಲೂ ಅದೊಂದನ್ನು ತಪ್ಪಿಸುವ ತಂತ್ರ ಬಂತು. 2020ರಲ್ಲಿ ಪ್ರಕಟವಾದ 518 ರೋಗಿಗಳ ಪ್ರಯೋಗದಲ್ಲಿ ಎರಡೂ ಗುಂಪಿಗೆ ಮರೆವಿನ ರೋಗಕ್ಕೆ ಬಳಸುವ ಮೆಮಾಂಟಿನ್ ಮಾತ್ರೆ ಕೊಟ್ಟಿದ್ದರು; ಹಿಪ್ಪೊಕ್ಯಾಂಪಸ್ ತಪ್ಪಿಸಿದ ಗುಂಪಿನಲ್ಲಿ ಕುಸಿತದ ಅಪಾಯ ಸುಮಾರು ಕಾಲುಭಾಗ ಕಡಿಮೆಯಾಯಿತು. ಕುತೂಹಲದ ಸಂಗತಿಯೆಂದರೆ ನಾಲ್ಕನೆಯ ತಿಂಗಳಲ್ಲಿ ಮೊದಲು ಕಂಡ ಲಾಭ ನೆನಪಿನದಲ್ಲ, ಕೆಲಸವನ್ನು ಯೋಜಿಸಿ ನಡೆಸುವ ಶಕ್ತಿಯದು: ಅದರಲ್ಲಿ ಕುಸಿದವರು ನೂರಕ್ಕೆ 23.3, ಇನ್ನೊಂದು ಗುಂಪಿನಲ್ಲಿ 40.4. ನೆನಪಿನ ಲಾಭ ಕಂಡದ್ದು ಆರನೆಯ ತಿಂಗಳಲ್ಲಿ. ಪುಸ್ತಕದ ಅಂಗರಚನೆಗೆ ಇದು ಸಲೀಸಾಗಿ ಹೊಂದುವುದಿಲ್ಲ. ಹಿಪ್ಪೊಕ್ಯಾಂಪಸ್ ಒಂದನ್ನೇ ಹೊಣೆ ಮಾಡುವ ಸರಳ ವಿವರಣೆಯನ್ನು ನಾನು ಈಗ ಪೂರ್ತಿ ನಂಬುವುದಿಲ್ಲ.

ಗುರಿಯಿಟ್ಟ ವಿಕಿರಣಕ್ಕೂ ತನ್ನದೇ ಹಾನಿಯಿದೆ. ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷ ಕಳೆದ ಮೇಲೆ, ಗುರಿಯಿಟ್ಟ ಜಾಗದ ಅಂಗಾಂಶ ಸತ್ತು ಸುತ್ತ ಬಾವು ಬರಬಹುದು. ಎಂಆರ್‌ಐಯಲ್ಲಿ ಅದನ್ನು ಮರಳಿ ಬಂದ ಗಡ್ಡೆಯಿಂದ ಬೇರ್ಪಡಿಸುವುದು ನುರಿತವರಿಗೂ ಕಷ್ಟ. ಬಾವಿಗೆ ಕೊಡುವ ಡೆಕ್ಸಾಮೆಥಸೋನ್ ಕೆಲವೇ ದಿನಗಳಲ್ಲಿ ರೋಗಿಯನ್ನು ಚುರುಕಾಗಿಸುತ್ತದೆ. ಅದೇ ಔಷಧ ದೀರ್ಘಕಾಲ ನಡೆದರೆ ನಿದ್ದೆಯನ್ನೂ ನೆನಪನ್ನೂ ಕೆಡಿಸುತ್ತದೆ. ಪ್ರಯೋಗಗಳು ನಡೆದ ಕಾಲದಲ್ಲಿ ರೋಗಿಗಳ ಮಧ್ಯಮ ಆಯುಷ್ಯ ಹೆಚ್ಚಾಗಿ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಇತ್ತು, ಹಾಗಾಗಿ ಇಂಥ ತಡವಾದ ಹಾನಿಯನ್ನು ಅಳೆಯಲು ಹೆಚ್ಚು ಜನ ಉಳಿಯುತ್ತಿರಲಿಲ್ಲ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಬಂದ ಮಾತ್ರೆಗಳು, ಮೆಲನೋಮಕ್ಕೆ ಬಂದ ಇಮ್ಯುನೋಥೆರಪಿ ಆ ಲೆಕ್ಕವನ್ನು ಬದಲಿಸಿವೆ. ಇಂದು ಎರಡು ಮೂರು ಸಲ ಗುರಿಯಿಟ್ಟ ವಿಕಿರಣ ಪಡೆದು ವರ್ಷಗಟ್ಟಲೆ ಬದುಕಿರುವವರಿದ್ದಾರೆ. ಅವರಿಗೆ ಮೂರನೆಯ ತಿಂಗಳ ಅಂಕಿ ಏನನ್ನೂ ಹೇಳುವುದಿಲ್ಲ.

ಮೇಲೆ ಹೇಳಿದ ಅಭ್ಯಾಸದ ಅನುಕೂಲವನ್ನು ಲೆಕ್ಕದಿಂದ ಕಳೆಯುವ ಪ್ರಯತ್ನ ಗಂಭೀರವಾಗಿ ನಡೆದದ್ದು ನೆದರ್‌ಲ್ಯಾಂಡ್ಸಿನ ಟಿಲ್‌ಬರ್ಗ್‌ನ ಗಾಮಾ ನೈಫ್ ಕೇಂದ್ರದಲ್ಲಿ. ಅಲ್ಲಿನವರು ಒಂದರಿಂದ ಹತ್ತು ಗಡ್ಡೆಗಳಿದ್ದ ರೋಗಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಲ್ಲದೆ, ಕ್ಯಾನ್ಸರ್ ಇಲ್ಲದ ಡಚ್ ಜನರಿಗೂ ಅದೇ ಪರೀಕ್ಷೆಗಳನ್ನು ಕೊಟ್ಟು, ಆರೋಗ್ಯವಂತರ ಏರಿಕೆಗೆ ಹೋಲಿಸಿ ರೋಗಿಯ ಬದಲಾವಣೆಯನ್ನು ಅಳೆದರು. ಅಂಕ ಮೊದಲಿನಷ್ಟೇ ಉಳಿದಿದೆ ಎಂದಾಕ್ಷಣ ಅರಿವು ಉಳಿದಿದೆ ಎಂದಲ್ಲ. ಏರಬೇಕಾದದ್ದು ಏರದಿದ್ದರೆ ಅದೂ ನಷ್ಟವೇ.

ಕನ್ನಡ ರೋಗಿಗಳ ವಿಚಾರದಲ್ಲಿ ಕಷ್ಟ ಇನ್ನೊಂದು ಸುತ್ತು ಹೆಚ್ಚು. ಮೇಲಿನ ಪ್ರಯೋಗಗಳ ಪದಪಟ್ಟಿಯನ್ನು ಅನುವಾದಿಸಿದರೆ ಸಾಲದು. ಇಲ್ಲಿನ ವಯಸ್ಸು ಮತ್ತು ಓದಿಗೆ ತಕ್ಕ ಸರಾಸರಿ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾ ಸರಣಿಯಲ್ಲಿ ಅಂಥ ಸರಾಸರಿಗಳಿವೆ. ಅಂಕಿ–ಅಕ್ಷರ ಜೋಡಿಸುವ ಪರೀಕ್ಷೆಯ ಬದಲು ಬಣ್ಣದ ವೃತ್ತಗಳನ್ನು ಜೋಡಿಸುವ ಪರೀಕ್ಷೆ ಅಲ್ಲಿದೆ, ರೋಮನ್ ಅಕ್ಷರಮಾಲೆ ಬಾರದವರಿಗೂ ಅದು ಸಲ್ಲುತ್ತದೆ. ಪದ ಹೇಳುವ ಪರೀಕ್ಷೆಗೆ ಕ, ಪ, ಮ ಅಕ್ಷರಗಳು. ಇಲ್ಲಿ ಪರೀಕ್ಷಕರು ಮೊದಲೇ ತೀರ್ಮಾನಿಸಿಕೊಳ್ಳಬೇಕಾದದ್ದೊಂದಿದೆ: ‘ಕ’ ಎಂದಾಗ ಕಾಗೆ, ಕಿಟಕಿ, ಕುದುರೆ ಒಪ್ಪಬೇಕೆ, ಕಮಲ, ಕಡಲೆ ಮಾತ್ರವೆ? ಮೊದಲ ದಿನ ಒಬ್ಬರು ಎಲ್ಲವನ್ನೂ ಒಪ್ಪಿ, ಮೂರನೆಯ ತಿಂಗಳಲ್ಲಿ ಇನ್ನೊಬ್ಬರು ಬಿಗಿಹಿಡಿದರೆ, ಏನೂ ಆಗದ ಮಿದುಳಿನಲ್ಲೂ ಒಂದು ಮಾನಕ ವಿಚಲನೆಯ ಕುಸಿತ ಕಾಣಬಹುದು. ಓದುಬರಹ ಇಲ್ಲದವರಿಗೆ ಒಂದು ನಿಮಿಷ ಪ್ರಾಣಿಗಳ ಹೆಸರು ಹೇಳಿಸುವುದೇ ವಾಸಿ. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ರೂಪಿಸಿದ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆಯ ಹಿಂದಿ ಆವೃತ್ತಿಯಲ್ಲಿ ಇಂಥವರಿಗಾಗಿ ಲೆಕ್ಕದ ಬದಲು ವಾರಗಳ ಹೆಸರನ್ನು ಹಿಮ್ಮುಖವಾಗಿ ಹೇಳಿಸಿದರು, ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷಾ ಸರಣಿ ಕನ್ನಡ ಸೇರಿ ಐದು ಭಾಷೆಗಳಲ್ಲಿ ಸಿದ್ಧವಿದೆ. ಅದನ್ನು ರೂಪಿಸಿದ್ದು ಮುಖ್ಯವಾಗಿ ವೃದ್ಧಾಪ್ಯದ ಮರೆವಿಗಾಗಿ. ಐವತ್ತರ ಆಸುಪಾಸಿನ ಸ್ತನ ಕ್ಯಾನ್ಸರ್ ರೋಗಿಗೆ ಅದನ್ನು ಬಳಸುವಾಗ ಆ ಮಿತಿಯನ್ನು ಗಮನದಲ್ಲಿಡಬೇಕು.

ನಮ್ಮಲ್ಲಿ ಇಂಥ ಅಧ್ಯಯನ ಕೈಗೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಕುಸಿತ ಎಂದರೇನು ಎಂಬುದನ್ನು ಅಂಕಿಗಳು ಕೈಗೆ ಬರುವ ಮೊದಲೇ ಬರೆದಿಡಬೇಕು, ಒಂದಲ್ಲ, ಕನಿಷ್ಠ ಎರಡು ಅಳತೆಯಲ್ಲಿ ಫಲಿತಾಂಶ ಕೊಡಬೇಕು. ಪರೀಕ್ಷೆಯ ದಿನದ ಸ್ಟೀರಾಯ್ಡ್ ಪ್ರಮಾಣ ಅಂಕದ ಪಕ್ಕದಲ್ಲೇ ಇರಬೇಕು. ಅಡಿಕೆ ಮಂಡಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವರು ಈಗ ಚೀಟಿ ಹಿಡಿದು ಕೂರುತ್ತಾರೆಯೇ ಎಂದು ಮನೆಯವರನ್ನು ಬೇರೆಯಾಗಿ ಕೇಳಬೇಕು. ಮೇಲೆ ಹೇಳಿದ ಯಾವ ಪರೀಕ್ಷೆಯೂ ಅದನ್ನು ಕೇಳುವುದಿಲ್ಲ. ಮರುಪರೀಕ್ಷೆಯನ್ನು ಎಂಆರ್‌ಐ ದಿನವೇ ಇಟ್ಟುಕೊಂಡರೆ ರೋಗಿಗೆ ಇನ್ನೊಂದು ಓಡಾಟ ತಪ್ಪುತ್ತದೆ, ಆದರೆ ಸ್ಕ್ಯಾನಿನ ವರದಿ ತಿಳಿಸುವ ಮುನ್ನವೇ ಅದನ್ನು ಮುಗಿಸಬೇಕು. ಹೊಸ ಗಡ್ಡೆ ಬಂದಿದೆ ಎಂದು ಆಗಷ್ಟೇ ಕೇಳಿ ಬಂದವರಿಗೆ ಹನ್ನೆರಡು ಪದ ನೆನಪಿಟ್ಟುಕೊಳ್ಳಿ ಎಂದರೆ, ಅಲ್ಲಿ ಅಳತೆಗೆ ಸಿಗುವುದು ವಿಕಿರಣದ ಪರಿಣಾಮವಲ್ಲ.